ಸ್ವಚ್ಛ ವಾಹಿನಿಯ ಡೀಸೆಲ್ ವೆಚ್ಚ: ಸದಸ್ಯರು ತಿಳಿದಿರಬೇಕಾದ ಲೆಕ್ಕ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಜಮಾ-ಖರ್ಚು ಓದಿ ಹೇಳುವಾಗ ಸದಸ್ಯರು ತಡೆದು ಪ್ರಶ್ನಿಸುವ ಬಾಬ್ತುಗಳಲ್ಲಿ ಸ್ವಚ್ಛ ವಾಹಿನಿಯ ಡೀಸೆಲ್ ವೆಚ್ಚವೂ ಒಂದು. ಮನೆ ಮನೆಯಿಂದ ಹಸಿ ಕಸ ಮತ್ತು ಒಣ ಕಸ ಸಂಗ್ರಹಿಸುವ ಈ ವಾಹನಗಳಲ್ಲಿ ಅನೇಕವು ಡೀಸೆಲ್ ಇಂಜಿನ್ನಿನ ಸಣ್ಣ ಸರಕು ವಾಹನಗಳು ಅಥವಾ ಪಿಕಪ್‌ಗಳು. ವಾಹನ ಖರೀದಿಸುವಾಗ ಮಾರಾಟಗಾರರು ಲೀಟರಿಗೆ ಇಪ್ಪತ್ತರ ಆಸುಪಾಸು ಕಿಲೋಮೀಟರ್ ಎಂದು ಹೇಳಿರುತ್ತಾರೆ. ಲಾಗ್ ಪುಸ್ತಕ ತೆರೆದರೆ ಅದರ ಅರ್ಧವೂ ಕಾಣುವುದಿಲ್ಲ. ಆಗ ಸಭೆಯಲ್ಲಿ ಸಹಜವಾಗಿ ಏಳುವ ಪ್ರಶ್ನೆ, ಉಳಿದ ಡೀಸೆಲ್ ಎಲ್ಲಿಗೆ ಹೋಯಿತು ಎಂಬುದು. ಆ ಪ್ರಶ್ನೆಯ ಬೆರಳು ವಾಹನ ಚಾಲಕರತ್ತ ತಿರುಗುತ್ತದೆ. ಬಹಳಷ್ಟು ಕಡೆ ಅವರು ಸಂಜೀವಿನಿ ಒಕ್ಕೂಟದಿಂದ ಬಂದು, ತರಬೇತಿ ಪಡೆದು, ಊರವರ ಕುತೂಹಲದ ನೋಟಗಳ ನಡುವೆ ಸ್ಟಿಯರಿಂಗ್ ಹಿಡಿದ ಮಹಿಳೆಯರು. ಅಳತೆಯೇ ಇಲ್ಲದೆ ಅವರ ಮೇಲೆ ಸಂಶಯ ಹೊರಿಸುವುದು ನ್ಯಾಯವಲ್ಲ; ಅಳತೆಯೇ ಇಲ್ಲದೆ ಬಿಲ್ಲನ್ನು ಮಂಜೂರು ಮಾಡುವುದೂ ಸರಿಯಲ್ಲ.

ಹಣದ ದೃಷ್ಟಿಯಿಂದಲೂ ಇದು ಸಣ್ಣ ವಿಷಯವಲ್ಲ. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟು ನಿರ್ಬಂಧಿತ ಅನುದಾನವಾಗಿದ್ದು, ಅದರ ಅರ್ಧ ಭಾಗ ನೈರ್ಮಲ್ಯಕ್ಕೆ, ಉಳಿದರ್ಧ ಕುಡಿಯುವ ನೀರಿಗೆ ಮೀಸಲು. ನೈರ್ಮಲ್ಯದ ಹಣ, ಮನೆಗಳಿಂದ ಬರುವ ಬಳಕೆದಾರರ ಶುಲ್ಕ, ಪಂಚಾಯಿತಿಯ ಸ್ವಂತ ಸಂಪನ್ಮೂಲ, ಇವಿಷ್ಟರಲ್ಲೇ ಸಂಗ್ರಹಣೆಯ ವ್ಯವಸ್ಥೆ ಉಸಿರಾಡಬೇಕು. ಡೀಸೆಲ್ ಬಾಕಿ ಬೆಳೆದು ಬಂಕ್‌ನವರು ಉದ್ದರಿ ನಿಲ್ಲಿಸಿದರೆ ವಾಹನವೂ ನಿಲ್ಲುತ್ತದೆ. ವಾಹನ ಹದಿನೈದು ದಿನ ನಿಂತರೆ, ಕಷ್ಟಪಟ್ಟು ಎತ್ತಿಸಿದ ಬಸ್ ನಿಲ್ದಾಣದ ಪಕ್ಕದ ತಿಪ್ಪೆ ಮತ್ತೆ ಅದೇ ಜಾಗದಲ್ಲಿ ಏಳುತ್ತದೆ. ಆಮೇಲೆ ಶುಲ್ಕ ಕೇಳಲು ಹೋದವರಿಗೆ ಮನೆಯವರು ಕೊಡುವ ಉತ್ತರ ಸದಸ್ಯರಿಗೆ ಗೊತ್ತೇ ಇದೆ.

ಕಿಲೋಮೀಟರಿನ ಅಳತೆ ಏಕೆ ಸಾಲದು

ತಯಾರಕರು ಹೇಳುವ ಮೈಲೇಜ್ ಸಿದ್ಧವಾಗುವುದು ನಿಗದಿತ ಪರೀಕ್ಷಾ ಕ್ರಮದಲ್ಲಿ. ಮೂವತ್ತು ಹೆಜ್ಜೆಗೊಮ್ಮೆ ನಿಂತು, ಎರಡು ಬುಟ್ಟಿ ಕಸ ಸುರಿಸಿಕೊಂಡು, ಮತ್ತೆ ಹೊರಡುವ ಓಟ ಆ ಪರೀಕ್ಷೆಯಲ್ಲಿ ಇಲ್ಲ. ನಿಂತ ವಾಹನವನ್ನು ವೇಗಕ್ಕೆ ತರಲು ಇಂಧನ ಬೇಕು. ಬ್ರೇಕ್ ಒತ್ತಿದಾಗ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ, ಟ್ಯಾಂಕಿಗೆ ಹಿಂದಿರುಗುವುದಿಲ್ಲ.

ಇದನ್ನು ಲೆಕ್ಕ ಮಾಡಿ ನೋಡಬಹುದು. ಹೊರೆಸಹಿತ ಎರಡು ಟನ್ ತೂಗುವ ವಾಹನ ಗಂಟೆಗೆ 30 ಕಿ.ಮೀ. ವೇಗದಲ್ಲಿ ಚಲಿಸುವಾಗ ಅದರಲ್ಲಿ ಸುಮಾರು 70 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಶಕ್ತಿ ಸುಮಾರು 36,000 ಕಿಲೋಜೂಲ್. ಆದರೆ ಹೀಗೆ ನಿಂತು ನಿಂತು ಓಡುವಾಗ ಅದರ ಕಾಲು ಭಾಗಕ್ಕಿಂತ ಕಡಿಮೆ, ಅಂದರೆ 8,000 ಕಿಲೋಜೂಲಿನಷ್ಟು ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದು ಹಿಡಿಯೋಣ. ಹಾಗಾದರೆ ಒಮ್ಮೆ ನಿಂತು ಮತ್ತೆ 30ರ ವೇಗಕ್ಕೆ ಏರಲು ಒಂಬತ್ತು ಮಿಲಿಲೀಟರಿನಷ್ಟು, ಎಂದರೆ ಸುಮಾರು ಎರಡು ಚಹಾ ಚಮಚ, ಡೀಸೆಲ್ ಬೇಕಾಯಿತು. ದಿನಕ್ಕೆ ಇನ್ನೂರು ಕಡೆ ನಿಂತರೆ ಬರೀ ನಿಂತು ಹೊರಡುವುದಕ್ಕೆ ಒಂದೂಮುಕ್ಕಾಲು ಲೀಟರ್ ಖರ್ಚು. ಅದೇ ವಾಹನ ಮನೆಯಿಂದ ಮನೆಗೆ 15 ಕಿ.ಮೀ. ವೇಗ ಮೀರದೆ ಎರಡನೇ ಗೇರಿನಲ್ಲಿ ಸಾಗಿದರೆ ಈ ಖರ್ಚು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ಮುಂದಿನ ಮನೆ ಐವತ್ತು ಮೀಟರ್ ದೂರದಲ್ಲಿರುವಾಗ ಆಕ್ಸಿಲರೇಟರ್ ಒತ್ತಿ ಮುನ್ನುಗ್ಗಿ, ಕೂಡಲೇ ಬ್ರೇಕ್ ಹಾಕಿದರೆ ಉಳಿಯುವುದು ಕೆಲವೇ ಸೆಕೆಂಡು.

ನಿಲುಗಡೆಗಳ ಸಂಖ್ಯೆ ಊರಿನ ಸ್ವರೂಪವನ್ನು ಅವಲಂಬಿಸಿದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ವಾಹನ ದಿನಕ್ಕೆ ಕೆಲವೇ ಕಿಲೋಮೀಟರ್ ಓಡಿ ನೂರಾರು ಮನೆ ಮುಟ್ಟುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ತೋಟದ ನಡುವೆ ಒಂದೊಂದೇ ಮನೆ, ಏರು ಇಳಿತದ ದಾರಿ. ಓಟ ಹೆಚ್ಚು, ನಿಲುಗಡೆ ಕಡಿಮೆ. ಮೊದಲನೆಯ ವಾಹನದ ಮೈಲೇಜ್ ಲೀಟರಿಗೆ 7 ಕಿ.ಮೀ., ಎರಡನೆಯದರದು 12 ಎಂದು ಬಂದರೆ, ಮೊದಲನೆಯ ಚಾಲಕರು ಅಸಡ್ಡೆಯವರು ಎಂದು ತೀರ್ಮಾನಿಸಲಾಗದು. ಒಂದು ಲೀಟರಿಗೆ ಎಷ್ಟು ಮನೆಯ ಕಸ ಸಂಗ್ರಹವಾಯಿತು ಎಂದು ಕೇಳಿದರೆ ಮೊದಲನೆಯ ವಾಹನವೇ ಮುಂದಿರಬಹುದು. ಪಕ್ಕದ ಪಂಚಾಯಿತಿಯೊಂದಿಗೆ ಹೋಲಿಸುವುದಕ್ಕಿಂತ, ಅದೇ ವಾಹನ ಅದೇ ಮಾರ್ಗದಲ್ಲಿ ಕಳೆದ ತಿಂಗಳು ಹೇಗಿತ್ತು, ಈ ತಿಂಗಳು ಹೇಗಿದೆ ಎಂದು ನೋಡುವುದು ಹೆಚ್ಚು ವಿವೇಕದ ಕ್ರಮ.

ನಿಂತ ವಾಹನ, ಓಡುವ ಇಂಜಿನ್

ಇಡೀ ವಿಷಯದಲ್ಲಿ ಸದಸ್ಯರ ಗಮನ ಅತಿ ಹೆಚ್ಚು ಬೇಕಾಗಿರುವುದು ಇಲ್ಲಿ. ವಾಹನ ನಿಂತಿದ್ದು ಇಂಜಿನ್ ಚಾಲನೆಯಲ್ಲಿರುವಾಗ ಓಡಿದ ದೂರ ಸೊನ್ನೆ, ಡೀಸೆಲ್ ಮಾತ್ರ ಉರಿಯುತ್ತಲೇ ಇರುತ್ತದೆ. ಇಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಇದು ಗಂಟೆಗೆ ಸುಮಾರು ಮೂರನೇ ಒಂದು ಲೀಟರಿನಿಂದ ಮುಕ್ಕಾಲು ಲೀಟರ್‌ವರೆಗೆ ಇರಬಹುದು. ಅರ್ಧ ಲೀಟರ್ ಎಂದು ಇಟ್ಟುಕೊಳ್ಳೋಣ. ನಾಲ್ಕು ಗಂಟೆಯ ಸಂಗ್ರಹಣೆಯಲ್ಲಿ ವಾಹನ ಒಟ್ಟು ಎರಡು ಗಂಟೆ ನಿಂತೇ ಇರುತ್ತದೆ ಎಂದಾದರೆ ದಿನಕ್ಕೆ ಒಂದು ಲೀಟರ್, ತಿಂಗಳ 26 ದಿನಕ್ಕೆ 26 ಲೀಟರ್, ವರ್ಷಕ್ಕೆ 312 ಲೀಟರ್. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 28,080 ರೂಪಾಯಿ.

ಚಾಲಕರು ಇಂಜಿನ್ ಏಕೆ ಬಂದ್ ಮಾಡುವುದಿಲ್ಲ? ಉದಾಸೀನವೇ ಕಾರಣವೆಂದು ಭಾವಿಸುವ ಮೊದಲು ಬ್ಯಾಟರಿಯನ್ನು ನೋಡುವುದು ಒಳ್ಳೆಯದು. ಬ್ಯಾಟರಿ ಹಳೆಯದಾಗಿ ಸೆಲ್ಫ್ ಹಿಡಿಯದಿದ್ದರೆ, ಬೆಳಿಗ್ಗೆ ನಾಲ್ವರನ್ನು ಕರೆದು ತಳ್ಳಿಸಿ ಚಾಲೂ ಮಾಡಿದ ವಾಹನವನ್ನು ನಡುಬೀದಿಯಲ್ಲಿ ಬಂದ್ ಮಾಡುವ ಧೈರ್ಯ ಯಾರಿಗೂ ಬರುವುದಿಲ್ಲ. ಹೊಸ ಬ್ಯಾಟರಿಗೆ ಬೇಡಿಕೆ ಸಲ್ಲಿಸಿದರೆ ಅದು ಮುಂದಿನ ಸಭೆಗೆ, ಅಲ್ಲಿಂದ ಅದರ ಮುಂದಿನ ಸಭೆಗೆ ಹೋಗುತ್ತದೆ. ಹಾಗೆ ತಡೆಹಿಡಿದ ಬ್ಯಾಟರಿಯ ಬೆಲೆ ಮೇಲೆ ತೋರಿಸಿದ ಮೊತ್ತದ ಒಂದು ಸಣ್ಣ ಪಾಲು. ಇನ್ನೊಂದು ಕಾರಣ ಧ್ವನಿವರ್ಧಕ. ಜಾಗೃತಿ ಗೀತೆ ಹಾಕಿದಾಗ ಬ್ಯಾಟರಿ ಇಳಿದುಹೋಗುತ್ತದೆಂಬ ಭಯದಿಂದ ಇಂಜಿನ್ ಓಡುತ್ತಲೇ ಇರುತ್ತದೆ. 40 ವ್ಯಾಟ್ ಧ್ವನಿವರ್ಧಕವು ಗಂಟೆಗೆ ಎಳೆಯುವುದು ಮೂರು ನಾಲ್ಕು ಆಂಪಿಯರ್-ಗಂಟೆಯಷ್ಟು. ಸುಸ್ಥಿತಿಯಲ್ಲಿರುವ ಬ್ಯಾಟರಿಗೆ ಅದು ಭಾರವಲ್ಲ, ನಡುನಡುವೆ ವಾಹನ ಓಡುವಾಗ ಮತ್ತೆ ಚಾರ್ಜ್ ಆಗುತ್ತಿರುತ್ತದೆ.

ಪ್ರತಿ ಮನೆಯ ಮುಂದೆ ಹತ್ತು ಸೆಕೆಂಡಿಗಾಗಿ ಇಂಜಿನ್ ಬಂದ್ ಮಾಡಬೇಕೆಂಬುದು ಇದರ ಅರ್ಥವಲ್ಲ. ಹಾಗೆ ಮಾಡಿದರೆ ಸೆಲ್ಫ್ ಮೋಟಾರ್ ಬೇಗ ಸವೆಯುತ್ತದೆ. ಒಂದೆರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಕಡೆ, ಅಂದರೆ ಶಾಲೆ, ಹೋಟೆಲು, ಸಂತೆ ಮೈದಾನ ಮತ್ತು ಘಟಕದಲ್ಲಿ ಕೈಯಿಂದ ಕಸ ಇಳಿಸುವ ವೇಳೆಯಲ್ಲಿ ಬಂದ್ ಮಾಡಬೇಕು. ಹೈಡ್ರಾಲಿಕ್ ಟಿಪ್ಪರ್ ಎತ್ತುವಾಗ ಇಂಜಿನ್ ಬೇಕೇ ಬೇಕು. ಟರ್ಬೊ ಇರುವ ಇಂಜಿನ್ ಏರು ಹತ್ತಿ ಬಂದಿದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಹಾಗೆಯೇ ಬಿಟ್ಟು ಅನಂತರ ಬಂದ್ ಮಾಡುವುದು ಕ್ಷೇಮ. ಮುಂಜಾನೆ ಇಂಜಿನ್ ಬಿಸಿಯಾಗಲೆಂದು ಕಾಲು ಗಂಟೆ ಓಡಿಸಿ ನಿಲ್ಲಿಸುವ ರೂಢಿಗೆ ನಮ್ಮ ಹವೆಯಲ್ಲಿ ಆಧಾರವಿಲ್ಲ. ಅರ್ಧ ನಿಮಿಷದ ನಂತರ ನಿಧಾನವಾಗಿ ಹೊರಟರೆ ಸಾಕು.

ಅಳೆಯುವ ಕ್ರಮ

ಡ್ಯಾಶ್‌ಬೋರ್ಡಿನ ಮುಳ್ಳು ನೋಡಿ ಮೈಲೇಜ್ ಹೇಳಲಾಗದು. ಟ್ಯಾಂಕ್ ತುಂಬಿಸಿ ಅಳೆಯುವುದೇ ನಂಬಲರ್ಹ ಕ್ರಮ. ಬಂಕಿನಲ್ಲಿ ನಳಿಕೆ ತಾನಾಗಿ ಮೊದಲ ಬಾರಿ ನಿಲ್ಲುವವರೆಗೆ ತುಂಬಿಸಿ, ಕಿ.ಮೀ. ಮೀಟರಿನ ಅಂಕಿ ಬರೆದಿಡಬೇಕು. ಮುಂದಿನ ಬಾರಿ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಬೇಕು. ಎರಡನೆಯ ಬಾರಿ ಹಿಡಿದ ಲೀಟರ್‌ಗಳೇ ನಡುವಿನ ಓಟಕ್ಕೆ ಖರ್ಚಾದ ಡೀಸೆಲ್. ಒಂದು ಬಾರಿಯ ಅಂಕಿಯಲ್ಲಿ ಒಂದೆರಡು ಲೀಟರ್ ಹೆಚ್ಚು ಕಡಿಮೆ ಬರುವುದು ಸಾಮಾನ್ಯ. ಮೂರು ನಾಲ್ಕು ಬಾರಿಯ ಮೊತ್ತ ಹಿಡಿದರೆ ನಿಜವಾದ ಚಿತ್ರ ಸಿಗುತ್ತದೆ. ಐದುನೂರು ರೂಪಾಯಿಗೆ, ಸಾವಿರ ರೂಪಾಯಿಗೆ ಎಂದು ಬಿಡಿಬಿಡಿಯಾಗಿ ಹಾಕಿಸುವ ಪಂಚಾಯಿತಿಯಲ್ಲಿ ಈ ಲೆಕ್ಕ ಎಂದಿಗೂ ಕೂಡುವುದಿಲ್ಲ. ಡಬ್ಬಿಯಲ್ಲಿ ಡೀಸೆಲ್ ತರಿಸಿ ಸುರಿಯುವಲ್ಲಿ ಲೆಕ್ಕ ತಪ್ಪುವುದರೊಂದಿಗೆ ಧೂಳು, ನೀರೂ ಟ್ಯಾಂಕ್ ಸೇರುತ್ತವೆ.

ಲಾಗ್ ಪುಸ್ತಕದಲ್ಲಿ ದಿನಾಂಕ, ಆರಂಭದ ಮತ್ತು ಮುಕ್ತಾಯದ ಕಿ.ಮೀ., ಹಾಕಿಸಿದ ಲೀಟರ್ ಇವು ಸಾಮಾನ್ಯವಾಗಿ ಇರುತ್ತವೆ. ಅವುಗಳ ಜೊತೆಗೆ ಮುಟ್ಟಿದ ಮನೆಗಳ ಸಂಖ್ಯೆ, ಹೊರಟ ಮತ್ತು ಮರಳಿದ ಸಮಯ, ಅಂದಿನ ಮಾರ್ಗ, ಈ ಮೂರು ಕಲಂಗಳನ್ನು ಸೇರಿಸಿದರೆ ಮೇಲೆ ಹೇಳಿದ ಹೋಲಿಕೆ ಸಾಧ್ಯವಾಗುತ್ತದೆ. ಕಿ.ಮೀ. ಮೀಟರ್ ಕೆಟ್ಟಿದ್ದರೆ ಅದರ ದುರಸ್ತಿಯೇ ಮೊದಲ ಕೆಲಸ. ಅಂದಾಜಿನ ಕಿ.ಮೀ. ಬರೆದ ಲಾಗ್ ಪುಸ್ತಕ ಲೆಕ್ಕಪರಿಶೋಧನೆಯಲ್ಲಿ ಚಾಲಕರಿಗೂ ಕಾರ್ಯದರ್ಶಿಗೂ ಸಂಕಟ ತರುತ್ತದೆ.

ಬಂಕಿನ ಅಳತೆಯ ಬಗ್ಗೆ ಅನುಮಾನವಿದ್ದರೆ ಅದಕ್ಕೂ ದಾರಿಯಿದೆ. ಪ್ರತಿ ಬಂಕಿನಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಒತ್ತಿದ ಐದು ಲೀಟರಿನ ಅಳತೆಪಾತ್ರೆ ಇರಬೇಕು. ಗ್ರಾಹಕರು ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶ.

ಮಾರ್ಗ ನಿರ್ಧಾರ ಸದಸ್ಯರ ಕೆಲಸ

ಯಾವ ದಿನ ಯಾವ ಗ್ರಾಮ, ಯಾವ ಬೀದಿ ಮೊದಲು ಎಂಬುದನ್ನು ಸಾಮಾನ್ಯವಾಗಿ ಚಾಲಕರ ಅನುಕೂಲಕ್ಕೆ ಬಿಡಲಾಗುತ್ತದೆ, ಇಲ್ಲವೇ ಹೆಚ್ಚು ಒತ್ತಾಯಿಸುವ ಸದಸ್ಯರ ಬೀದಿ ಮೊದಲಾಗುತ್ತದೆ. ಡೀಸೆಲಿನ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ. ಘಟಕದಿಂದ ಅತಿ ದೂರದ, ಎತ್ತರದ ಜಾಗಕ್ಕೆ ಖಾಲಿ ವಾಹನ ಮೊದಲು ಹೋಗಿ, ಕಸ ತುಂಬಿಕೊಳ್ಳುತ್ತ ಘಟಕದತ್ತ ಮರಳಬೇಕು. ಹತ್ತಿರದ ಬೀದಿಯಲ್ಲೇ ತುಂಬಿಸಿಕೊಂಡು, ಆ ಹೊರೆಯನ್ನು ದೂರದ ದಿಬ್ಬದವರೆಗೆ ಹೊತ್ತೊಯ್ದು ಮತ್ತೆ ತರುವುದು ಡೀಸೆಲಿಗೂ ಬ್ರೇಕಿಗೂ ನಷ್ಟ. ವಾಹನ ಹಿಂತಿರುಗಲಾಗದ ಕಿರುದಾರಿಗಳಲ್ಲಿ ರಿವರ್ಸ್ ಗೇರಿನಲ್ಲಿ ನೂರು ಮೀಟರ್ ಬರುವ ಬದಲು, ಬೀದಿಯ ತುದಿಯಲ್ಲಿ ನಿಂತು ಸೀಟಿ ಊದಿದರೆ ನಾಲ್ಕೈದು ಮನೆಯವರು ಒಂದೇ ನಿಲುಗಡೆಗೆ ಬರುತ್ತಾರೆ. ವೃದ್ಧರು, ಅಂಗವಿಕಲರು ಇರುವ ಮನೆಗಳಿಗೆ ಸಹಾಯಕರು ನಡೆದುಹೋಗಿ ಬುಟ್ಟಿ ತರಬೇಕು. ಇದನ್ನು ಸಭೆಯಲ್ಲೇ ಸ್ಪಷ್ಟಪಡಿಸಿದರೆ ಮುಂದೆ ದೂರು ಬರುವುದಿಲ್ಲ.

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರವಾಗಿಸುವ ಮನೆ ಹೆಚ್ಚಿದಷ್ಟೂ ಹೊರೆ ಇಳಿಯುತ್ತದೆ. ಹಸಿ ಕಸದ ತೂಕದಲ್ಲಿ ದೊಡ್ಡ ಪಾಲು ನೀರು. ಮಳೆಗಾಲದಲ್ಲಿ ತಾಡಪಾಲು ಹೊದಿಸದ ವಾಹನ ಮಳೆನೀರನ್ನೂ ಡೀಸೆಲ್ ಸುಟ್ಟು ಸಾಗಿಸುತ್ತದೆ. ಒಣ ಕಸದ ಸ್ವಭಾವ ಬೇರೆ: ತೂಕ ಕಡಿಮೆ, ಜಾಗ ಹೆಚ್ಚು. ಪ್ಲಾಸ್ಟಿಕ್ ಬಾಟಲಿಗಳನ್ನು ಚಪ್ಪಟೆ ಮಾಡಿ, ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಚೀಲಕ್ಕೆ ತುಂಬಿದರೆ ಮೂರು ಸಲದ ಓಡಾಟ ಎರಡಕ್ಕೆ ಇಳಿಯಬಹುದು. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿರುವಂತಹ, ಹಲವು ಪಂಚಾಯಿತಿಗಳ ಒಣ ತ್ಯಾಜ್ಯ ಸ್ವೀಕರಿಸುವ ದೊಡ್ಡ ಘಟಕಗಳಿಗೆ ಕಸ ಕಳುಹಿಸುವ ಕಡೆ ಇದು ಇನ್ನೂ ಮುಖ್ಯ. ಬಂಕ್ ದೂರವಿರುವ ಪಂಚಾಯಿತಿಗಳು ಡೀಸೆಲ್ ತುಂಬಿಸುವುದನ್ನು ಇಂತಹ ಓಟದ ದಿನಕ್ಕೆ ಹೊಂದಿಸಿಕೊಳ್ಳಬೇಕು. ಹದಿನೈದು ಕಿ.ಮೀ. ದೂರದ ಬಂಕಿಗೆಂದೇ ಹೋಗಿ ಬಂದರೆ ತುಂಬಿಸಿದ್ದರಲ್ಲಿ ಎರಡು ಲೀಟರ್ ಆ ದಾರಿಗೇ ಸಂದಾಯವಾಗುತ್ತದೆ.

ವಾಹನದ ಆರೈಕೆ

ಟೈರಿನ ಗಾಳಿ ಎಲ್ಲಕ್ಕಿಂತ ಅಗ್ಗದ ಉಪಾಯ. ನಾಲ್ಕೂ ಟೈರುಗಳಲ್ಲಿ ಗಾಳಿಯ ಒತ್ತಡ ಒಂದು ಪಿಎಸ್‌ಐ ಕಡಿಮೆಯಾದರೆ ಇಂಧನ ವೆಚ್ಚ ಸರಾಸರಿ ಶೇ. 0.2ರಷ್ಟು ಏರುತ್ತದೆ, ಹದಿನೈದು ಪಿಎಸ್‌ಐ ಇಳಿದಿದ್ದರೆ ಶೇ. 3ರಷ್ಟು. ಡೀಸೆಲಿಗಿಂತಲೂ ದೊಡ್ಡ ನಷ್ಟ ಟೈರಿನದು, ಅಂಚುಗಳು ಬೇಗ ಸವೆದು ಅವಧಿಗೆ ಮುನ್ನವೇ ಬದಲಿಸಬೇಕಾಗುತ್ತದೆ. ವಾರಕ್ಕೊಮ್ಮೆ, ವಾಹನ ಓಡುವ ಮುಂಚೆ, ಟೈರು ತಣ್ಣಗಿರುವಾಗ ನೋಡಬೇಕು. ಹಿಂದಿನ ಟೈರುಗಳಿಗೆ ಹೊರೆಗೆ ತಕ್ಕ ಹೆಚ್ಚಿನ ಒತ್ತಡ ಬೇಕಾಗುತ್ತದೆ. ಆ ಅಂಕಿ ವಾಹನದ ಕೈಪಿಡಿಯಲ್ಲಿದೆ, ಪಂಕ್ಚರ್ ಅಂಗಡಿಯ ಅಂದಾಜಿನಲ್ಲಿ ಅಲ್ಲ.

ಬ್ರೇಕ್ ಹಿಡಿದುಕೊಂಡಿದ್ದರೆ ವಾಹನ ಸದಾ ಏರು ಹತ್ತುತ್ತಿರುವಂತೆ ಡೀಸೆಲ್ ಕುಡಿಯುತ್ತದೆ. ಸಮತಟ್ಟಾದ ಜಾಗದಲ್ಲಿ ಒಬ್ಬಿಬ್ಬರು ತಳ್ಳಿದಾಗ ಖಾಲಿ ವಾಹನ ಸುಲಭವಾಗಿ ಉರುಳದಿದ್ದರೆ, ಅಥವಾ ಓಟದ ನಂತರ ಒಂದು ಚಕ್ರದ ನಡುಭಾಗ ಮಾತ್ರ ವಿಪರೀತ ಬಿಸಿಯಾಗಿದ್ದರೆ, ಮೆಕ್ಯಾನಿಕ್‌ಗೆ ತೋರಿಸಬೇಕು. ಕ್ಲಚ್ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸುವುದೂ ಇದೇ ಜಾತಿಯ ನಷ್ಟ. ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂದು ತಿಳಿಯಬೇಕು; ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ಕಸದ ಘಟಕದ ಧೂಳಿನಲ್ಲಿ ಓಡಾಡುವ ವಾಹನಕ್ಕೆ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಮೊದಲೇ ಬದಲಿಸಬೇಕಾದೀತು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಅನೇಕ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕ ಇದೆ; ಮೆಕ್ಯಾನಿಕ್‌ಗಳು ಅದನ್ನು ಡಿಪಿಎಫ್ ಎನ್ನುತ್ತಾರೆ. ಅದರಲ್ಲಿ ಸಂಗ್ರಹವಾದ ಮಸಿ ಉರಿದುಹೋಗಲು ಹೊಗೆ ಚೆನ್ನಾಗಿ ಬಿಸಿಯಾಗಬೇಕು. ನಿಂತು ನಿಂತು ಓಡುವ ವಾಹನದಲ್ಲಿ ಅಷ್ಟು ಬಿಸಿ ಬರುವುದಿಲ್ಲ, ಸೋಸುಕ ಕಟ್ಟಿಕೊಂಡು ಇಂಜಿನ್ ಹೆಚ್ಚು ಡೀಸೆಲ್ ಬೇಡತೊಡಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಅದರ ಸೂಚನಾ ದೀಪ ಬೆಳಗಿದಾಗ ಕೈಪಿಡಿಯಲ್ಲಿ ಹೇಳಿರುವಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ಈ ಓಟವನ್ನು ವ್ಯರ್ಥ ತಿರುಗಾಟವೆಂದು ಲಾಗ್ ಪುಸ್ತಕದಲ್ಲಿ ಆಕ್ಷೇಪಿಸಬಾರದು. ದೀಪವನ್ನು ಕಡೆಗಣಿಸಿದರೆ ಮುಂದೆ ಬರುವ ದುರಸ್ತಿ ವೆಚ್ಚ ತಿಂಗಳುಗಳ ಡೀಸೆಲ್ ಬಿಲ್ಲನ್ನು ಮೀರುತ್ತದೆ.

ಕೆಲವು ತಪ್ಪು ನಂಬಿಕೆಗಳು

ಇಳಿಜಾರಿನಲ್ಲಿ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಡೀಸೆಲ್ ಉಳಿಯುತ್ತದೆಂಬ ಮಾತು ಹಳೆಯದು. ಈಗಿನ ಇಂಜಿನ್‌ಗಳಲ್ಲಿ ಗೇರ್ ಇದ್ದು ಆಕ್ಸಿಲರೇಟರ್ ಬಿಟ್ಟಾಗ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ತನ್ನನ್ನು ತಾನು ಓಡಿಸಿಕೊಳ್ಳಲು ಡೀಸೆಲ್ ಉರಿಸುತ್ತದೆ. ಇಂಜಿನ್ನನ್ನೇ ಬಂದ್ ಮಾಡಿ ಇಳಿಸುವುದಂತೂ ಪ್ರಾಣಾಪಾಯ. ಬ್ರೇಕಿಗೆ ಸಿಗುವ ನಿರ್ವಾತದ ನೆರವು ಎರಡು ಮೂರು ಒತ್ತಿಗೆ ಮುಗಿದು, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಘಟ್ಟದ ಪಂಚಾಯಿತಿಗಳಲ್ಲಿ ಇದನ್ನು ಲಿಖಿತವಾಗಿ ನಿಷೇಧಿಸುವುದು ಸೂಕ್ತ.

ಡೀಸೆಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಇತ್ಯಾದಿ ಮಾರಲು ಬರುವವರು ಪಂಚಾಯಿತಿ ಕಚೇರಿಗಳ ಬಾಗಿಲನ್ನೂ ತಟ್ಟುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂತಹ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದ್ದು, ಬಹುತೇಕ ಯಾವುದರಿಂದಲೂ ಗಣನೀಯ ಉಳಿತಾಯ ಕಂಡುಬಂದಿಲ್ಲ. ಸೀಮೆಎಣ್ಣೆ ಬೆರೆಸುವುದು ಕಾನೂನುಬಾಹಿರ. ಇಂಜೆಕ್ಟರ್ ಪಂಪಿನ ಜಾರುವಿಕೆ ಡೀಸೆಲನ್ನೇ ಅವಲಂಬಿಸಿರುವುದರಿಂದ ಅದು ಯಂತ್ರವನ್ನೂ ಹಾಳುಮಾಡುತ್ತದೆ.

ಲೆಕ್ಕ ಕೂಡದಿದ್ದಾಗ

ಇಷ್ಟಾದ ಮೇಲೂ ಅದೇ ಮಾರ್ಗದಲ್ಲಿ ಡೀಸೆಲ್ ಖರ್ಚು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ವಿಚಾರಣೆ ಅಗತ್ಯ. ಅದಕ್ಕೂ ಒಂದು ಕ್ರಮ ಇರಲಿ. ರಾತ್ರಿ ವಾಹನ ನಿಂತ ಜಾಗದ ನೆಲದಲ್ಲಿ ಡೀಸೆಲ್ ಕಲೆ ಇದೆಯೇ ಎಂದು ಮೊದಲು ನೋಡಬೇಕು. ಅನಂತರ ಟೈರು, ಬ್ರೇಕು, ಹೊಗೆ, ಸೋಸುಕದ ದೀಪ. ಮಾರ್ಗಕ್ಕೆ ಹೊಸ ಬಡಾವಣೆ ಸೇರಿದೆಯೇ, ಜಾತ್ರೆಯ ಹೆಚ್ಚುವರಿ ಓಟಗಳಿದ್ದವೇ ಎಂದು ಪರಿಶೀಲಿಸಬೇಕು. ಬಿಲ್ಲಿನಲ್ಲಿರುವ ಲೀಟರ್ ವಾಹನದ ಟ್ಯಾಂಕಿನ ಧಾರಣಶಕ್ತಿಯನ್ನು ಮೀರಿದೆಯೇ ಎಂದು ತಾಳೆ ನೋಡುವುದು ಎರಡು ನಿಮಿಷದ ಕೆಲಸ, ಆದರೆ ಅನೇಕ ಪ್ರಕರಣ ಅಲ್ಲಿಯೇ ಇತ್ಯರ್ಥವಾಗುತ್ತದೆ. ಕೊನೆಗೆ, ಸ್ಥಾಯಿ ಸಮಿತಿಯ ಒಬ್ಬ ಸದಸ್ಯರು ಒಂದು ಪೂರ್ಣ ಟ್ಯಾಂಕಿನ ಅವಧಿಯಲ್ಲಿ ಕೆಲವು ದಿನವಾದರೂ ವಾಹನದೊಂದಿಗೆ ಹೋಗಿ ಬರಬೇಕು. ಆ ಅವಧಿಯ ಅಂಕಿಗೂ ಹಿಂದಿನ ತಿಂಗಳುಗಳ ಅಂಕಿಗೂ ದೊಡ್ಡ ಅಂತರವಿದ್ದಲ್ಲಿ ಮಾತ್ರ ನೋಟಿಸ್ ನೀಡಲು ಆಧಾರ ದೊರೆಯುತ್ತದೆ.

ವಾಹನದ ನಿರ್ವಹಣೆಯನ್ನು ಸಂಜೀವಿನಿ ಒಕ್ಕೂಟಕ್ಕೆ ವಹಿಸಿರುವ ಕಡೆ ಒಡಂಬಡಿಕೆಯನ್ನು ಸದಸ್ಯರು ಒಮ್ಮೆ ಓದಬೇಕು. ಡೀಸೆಲ್ ವೆಚ್ಚ ಯಾರದೆಂದು ಅದರಲ್ಲಿ ಬರೆದಿರುತ್ತದೆ. ಬ್ಯಾಟರಿ, ಟೈರು, ಫಿಲ್ಟರ್ ಯಾರದೆಂಬುದು ಅಸ್ಪಷ್ಟವಾಗಿರುವುದುಂಟು. ಡೀಸೆಲ್ ಪಂಚಾಯಿತಿಯದು, ಬ್ಯಾಟರಿ ಒಕ್ಕೂಟದ್ದು ಎಂದಾದರೆ ಬ್ಯಾಟರಿ ಬದಲಿಸುವ ಆತುರ ಯಾರಿಗೂ ಇರುವುದಿಲ್ಲ. ಈ ಬಾಬ್ತುಗಳನ್ನು ಹೆಸರಿಸಿ, ಸಭೆಗೆ ಕಾಯದೆ ಖರ್ಚು ಮಾಡಬಹುದಾದ ತಿಂಗಳ ಮಿತಿಯೊಂದನ್ನು ಪಂಚಾಯಿತಿಯ ನಿರ್ಣಯದ ಮೂಲಕ ಮುಂದಿನ ನವೀಕರಣದ ವೇಳೆಗೆ ಒಡಂಬಡಿಕೆಯಲ್ಲಿ ಸೇರಿಸಿಕೊಳ್ಳುವುದು.